ಮುರುಗೇಶಪ್ಪನವರ ಪಾರ್ಲಿಮೆಂಟು

ಶಿವಮೊಗ್ಗದ ಅಡಿಕೆ ಮಂಡಿಗಳಲ್ಲಿ ಮುರುಗೇಶಪ್ಪನವರಷ್ಟು ಇಂಗ್ಲೆಂಡನ್ನು ಬಲ್ಲವರು ಇನ್ನೊಬ್ಬರಿರಲಿಲ್ಲ. ಭದ್ರಾವತಿಯಿಂದಾಚೆಗೆ ಅವರು ಹೋಗಿದ್ದು ಎರಡೇ ಸಲ ಎಂಬುದು ಬೇರೆ ಮಾತು. ಬೆಂಗಳೂರಿನ ಪತ್ರಿಕೆ ರೈಲಿನಿಂದ ಇಳಿದರೆ ಸಾಕು, ಗಿರಾಕಿಯನ್ನು ಕೂರಿಸಿ ಲಂಡನ್ನಿನ ಸುದ್ದಿ ಓದುತ್ತಿದ್ದರು. ಅವರ ಬಾಯಲ್ಲಿ ಅದು ಯಾವಾಗಲೂ ‘ನಮ್ಮ ಪಾರ್ಲಿಮೆಂಟು’. ಮೈಸೂರು ಮಹಾರಾಜರ ಪ್ರಜೆಗೆ ಅದು ಹೇಗೆ ನಮ್ಮದಾಗುತ್ತದೆಂದು ಮಗಳು ಜಯಶೀಲಾ ಕೇಳಿದರೆ, “ಸಾಮ್ರಾಜ್ಯ ಅಂದ್ರೆ ದೊಡ್ಡ ಮನೆ ಕಣಮ್ಮ. ನಮ್ಮದೂ ಅದರಲ್ಲೊಂದು ಕೋಣೆ” ಎನ್ನುತ್ತಿದ್ದರು.

ಸಾವಿರದ ಒಂಬೈನೂರ ಮೂವತ್ತಾರರ ಡಿಸೆಂಬರಿನಲ್ಲಿ ಆ ದೊಡ್ಡ ಮನೆಯ ಯಜಮಾನನೇ ಸಿಂಹಾಸನದಿಂದ ಇಳಿದುಬಿಟ್ಟ. ಮುರುಗೇಶಪ್ಪನವರ ಕಣ್ಣು ತುಂಬಿತು. “ನೋಡಿ, ದೊರೆಯಾದ್ರೂ ಪಾರ್ಲಿಮೆಂಟಿನ ಮಾತು ಮೀರಲಿಲ್ಲ” ಎಂದು ಮನೆಯವರಿಗೆಲ್ಲ ಓದಿ ಹೇಳಿದರು. ಆತ ಇಳಿದದ್ದು ಮೆಚ್ಚಿದ ಹೆಂಗಸನ್ನು ಮದುವೆಯಾಗಲು ಎಂಬ ಸಾಲನ್ನು ಮಾತ್ರ, ಮಗಳು ಎದುರಿಗಿದ್ದಳಲ್ಲ, ಹಾರಿಸಿಬಿಟ್ಟರು.

ಅದೇ ವಾರ ಅವರ ತಮ್ಮ ಕೊಟ್ರಬಸಪ್ಪ ಭದ್ರಾವತಿಯಿಂದ ಗಂಡಿನ ಸುದ್ದಿ ತಂದ. ಹುಡುಗ ಕಬ್ಬಿಣದ ಕಾರ್ಖಾನೆಯಲ್ಲಿ ಗುಮಾಸ್ತ. ಮಾಘದಲ್ಲೇ ಮದುವೆಯಾಗಬೇಕು, ಹುಡುಗಿ ಇನ್ನು ಶಾಲೆಗೆ ಹೋಗಕೂಡದು ಎಂಬುದು ಗಂಡಿನ ಕಡೆಯವರ ಷರತ್ತು. ಜಯಶೀಲಾಳ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಅರ್ಜಿಗೋ ಸೋಮವಾರದೊಳಗೆ ಅಪ್ಪನ ಸಹಿ ಬೀಳಬೇಕಿತ್ತು. ಪಾಸಾಗಿ ಮೈಸೂರಿಗೆ ಹೋಗಿ ಓದಬೇಕೆಂದು ಎರಡು ವರ್ಷದಿಂದ ಕನಸು ಕಟ್ಟಿದ್ದ ಹುಡುಗಿ ಊಟ ಬಿಟ್ಟು ಕೂತಳು.

ಭಾನುವಾರ ಹೆಂಡತಿ ಕಾಶಮ್ಮ, “ಜಗಳ ಯಾಕ್ರೀ? ನಿಮ್ಮ ಪಾರ್ಲಿಮೆಂಟಿನ ಥರ ಓಟು ಹಾಕೋಣ” ಎಂದಳು. ಮುರುಗೇಶಪ್ಪನವರು ಹಿಗ್ಗಿ ಹೀರೆಕಾಯಿಯಾದರು. ಮನಸ್ಸಿನಲ್ಲೇ ಲೆಕ್ಕ ಹಾಕಿದರು. ತಾವು, ತಮ್ಮ, ತಾಯಿ ಹುಲಿಗೆಮ್ಮ ಒಂದು ಕಡೆ, ಕಾಶಮ್ಮ ಒಬ್ಬಳೇ ಇನ್ನೊಂದು ಕಡೆ. ತಾಯಿಯಂತೂ ಹುಟ್ಟಿದಾರಭ್ಯ ಗಂಡಸರ ಮಾತಿಗೆ ಎದುರಾಡಿದವಳಲ್ಲ.

“ಜಯಶೀಲಾಗೆ ಓಟಿಲ್ಲ. ಇಪ್ಪತ್ತೊಂದು ತುಂಬಿರಬೇಕು, ಅದು ಕಾನೂನು” ಎಂದರು.

“ಮದುವೆಗೆ ಮಾತ್ರ ಹದಿನಾರೇ ಸಾಕೇನ್ರೀ?” ಎಂದಳು ಕಾಶಮ್ಮ.

ಅದನ್ನು ಕೇಳಿಸಿಕೊಳ್ಳದವರಂತೆ ಅವರು ಸ್ಪೀಕರಾಗಿ ಮಣೆಯೇರಿ ಕೂತರು. ಮದುವೆಗೆ ಕೆಂಪಡಿಕೆ, ಓದಿಗೆ ಬಿಳಿ ಚಾಲಿ ಅಡಿಕೆ. ಒಬ್ಬೊಬ್ಬರೇ ದೇವರ ಕೋಣೆಗೆ ಹೋಗಿ, ಯಾರಿಗೂ ಕಾಣದಂತೆ ತಾಮ್ರದ ಚೊಂಬಿಗೆ ಒಂದೊಂದು ಹಾಕಿ ಬಂದರು. ಮುರುಗೇಶಪ್ಪನವರು ಚೊಂಬನ್ನು ತಟ್ಟೆಗೆ ಸುರಿದರು.

ಎರಡು ಕೆಂಪು, ಎರಡು ಬಿಳಿ.

ಅವರ ಲೆಕ್ಕ ತಪ್ಪಿತ್ತು. ಆದರೇನು, ಸಮಸಮ ಬಂದರೆ ಸ್ಪೀಕರಿನದೇ ಕೊನೆಯ ಓಟು! ಈ ಸೊಗಸಾದ ನಿಯಮವನ್ನು ವಿವರಿಸಲು ಅವರು ಗಂಟಲು ಸರಿಮಾಡಿಕೊಂಡರು. ಇಂಗ್ಲಿಷರ ನ್ಯಾಯವೇನು, ಸಂಪ್ರದಾಯವೇನು, ಸಿಂಹಾಸನ ಬಿಟ್ಟ ದೊರೆಯ ದೊಡ್ಡತನವೇನು, ಭಾಷಣ ಬೆಳೆಯುತ್ತಲೇ ಹೋಯಿತು. ಮೂವತ್ತು ವರ್ಷ ಮಂಡಿಯಲ್ಲಿ ಕೂತ ಕೈ ಅದು. ತಟ್ಟೆಯಲ್ಲಿ ಮಾಲು ಬಂದರೆ ಒಂದನ್ನು ಬಾಯಿಗೆಸೆದು ಕಡಿದು ನೋಡದೆ ರೇಟು ಹೇಳಿದ್ದೇ ಇಲ್ಲ. ಕೈ ತನ್ನ ಪಾಡಿಗೆ ತಟ್ಟೆಗೆ ಹೋಯಿತು, ಬಾಯಿ ತನ್ನ ಪಾಡಿಗೆ ಕಟುಮ್ಮೆಂದು ಕಡಿಯಿತು.

“ಒಳ್ಳೇ ಮಾಲು” ಎಂದರು ಮುರುಗೇಶಪ್ಪನವರು, ಭಾಷಣದ ನಡುವೆ.

“ಈಗ ಎಣಿಸಿ” ಎಂದಳು ಕಾಶಮ್ಮ.

ಎರಡು ಬಿಳಿ, ಒಂದು ಕೆಂಪು.

“ಅಯ್ಯೋ, ಒಂದನ್ನ ನಾನು ತಿಂದೆ! ನೀವೆಲ್ಲ ನೋಡಿದ್ರಲ್ಲ?”

“ನಾನಂತೂ ನೋಡಲಿಲ್ಲ” ಎಂದಳು ಕಾಶಮ್ಮ.

“ನನಗೆ ಕಣ್ಣೇ ಸರಿ ಕಾಣಲ್ಲ ಮಾರಾಯ” ಎಂದಳು ನಿನ್ನೆಯಷ್ಟೇ ಸೂಜಿಗೆ ದಾರ ಪೋಣಿಸಿದ್ದ ಹುಲಿಗೆಮ್ಮ. ಕೊಟ್ರಬಸಪ್ಪ ಬಾಯಿಗೆ ಶಲ್ಯ ಒತ್ತಿಕೊಂಡು ನಗು ತಡೆಯುತ್ತಿದ್ದುದರಿಂದ ಸಾಕ್ಷಿಗೆ ಒದಗಲಿಲ್ಲ.

ಮುರುಗೇಶಪ್ಪನವರಿಗೆ ರೇಗಿತು. “ಓಟೂ ಬೇಡ, ಗೀಟೂ ಬೇಡ. ಈ ಮನೆ ಯಜಮಾನ ನಾನು!”

ಜಯಶೀಲಾ ಬಾಗಿಲ ಬಳಿಯಿಂದ ಮೆಲ್ಲಗೆ ಕೇಳಿದಳು: “ಅಪ್ಪಾಜಿ, ದೊರೆಯೇ ಮೀರಲಿಲ್ಲ ಅಂದ್ರಲ್ಲ?”

ಅವರು ಬಾಯಿ ತೆರೆದರು. ತಿಂದ ಓಟು ಹಲ್ಲಿನ ಸಂದಿಯಲ್ಲಿ ಇನ್ನೂ ಇತ್ತು. ಸಿಟ್ಟೆಲ್ಲ ತಾಯಿಯ ಮೇಲೆ ತಿರುಗಿತು. “ಎರಡನೇ ಬಿಳಿ ನಿಂದೇ ಅಲ್ವೇನವ್ವಾ? ನೀನೂ ಓದು ಅನ್ನೋದಾ?”

“ಓದಿನ ವಿಷಯ ನಂಗೇನು ಗೊತ್ತು ಮಗಾ” ಎಂದಳು ಹುಲಿಗೆಮ್ಮ. “ನನ್ನ ಮದುವೆ ಮಾಡುವಾಗ ನನ್ನನ್ನ ಕೇಳಲಿಲ್ಲ. ನಿನ್ನ ಮದುವೆ ಮಾಡುವಾಗಲೂ ಕೇಳಲಿಲ್ಲ. ಈ ಎಪ್ಪತ್ತು ವರ್ಷದಲ್ಲಿ, ನಿನಗೇನು ಬೇಕು ಅಂತ ಯಾರಾದ್ರೂ ಕೇಳಿದ್ದು ಇವತ್ತೇ. ಕೇಳಿದ ಮೇಲೆ ಈ ಕೂಸಿಗೆ ಬೇಕಾದ್ದನ್ನೇ ಹೇಳೋಣ ಅನ್ನಿಸ್ತು.”

ಮುರುಗೇಶಪ್ಪನವರಿಗೆ ನಾಚಿಕೆಯಾಯಿತು. ಅದರ ಬೆನ್ನಿಗೇ ಇನ್ನೊಂದು ವಿಚಾರ ಬಂದು ಚುಚ್ಚಿತು. ಇಷ್ಟು ವರ್ಷ ‘ನಮ್ಮ ಪಾರ್ಲಿಮೆಂಟು’ ಎಂದು ಎದೆಯುಬ್ಬಿಸಿದ್ದಾಯಿತು. ಆ ದೊಡ್ಡ ಮನೆಯವರು ಒಂದು ದಿನವಾದರೂ ಮುರುಗೇಶಪ್ಪನನ್ನು ಒಂದು ಮಾತು ಕೇಳಿದ್ದರೇ? ಅಲ್ಲಿ ತಾನೂ ಅವ್ವನ ಹಾಗೇ ಮೂಲೆಯಲ್ಲಿ ಕೂತವನು.

“ಆ ಅರ್ಜಿ ಕೊಡಮ್ಮ” ಎಂದರು ಮಗಳಿಗೆ. ಸಹಿ ಹಾಕಿ, ಮಣೆಯಿಂದ ಇಳಿದು, ತಟ್ಟೆಯಲ್ಲಿ ಉಳಿದಿದ್ದ ಬಿಳಿ ಅಡಿಕೆಗಳಲ್ಲೊಂದನ್ನು ಎತ್ತಿ ತಾಯಿಯ ಕೈಗೆ ಕೊಟ್ಟರು.

“ನಿನ್ನ ಓಟು ಜೋಪಾನವಾಗಿ ಇಟ್ಕೋ ಅವ್ವ. ನಾನು ನೋಡಿದ್ರೆ ತಿಂದುಬಿಡ್ತೀನಿ.”