ಎಲ್ಲ ಪದಕ್ಕೂ ಒಂದೇ ವಾಕ್ಯ

ಮೂವತ್ತೊಂದು ಉತ್ತರಪತ್ರಿಕೆಗಳಲ್ಲಿ ಹುಡುಕಿದರೂ ಒಂದು ತಪ್ಪು ಸಿಗಲಿಲ್ಲ. ಟೀಚರಿಗೆ ಮೈಯೆಲ್ಲ ಉರಿದದ್ದು ಅದಕ್ಕೇ.

ಇಪ್ಪತ್ತು ಇಂಗ್ಲಿಷ್ ಪದಗಳು, ಪ್ರತಿಯೊಂದನ್ನೂ ಸ್ವಂತ ವಾಕ್ಯದಲ್ಲಿ ಬಳಸಬೇಕು. ಏಳನೇ ತರಗತಿಯ ಪರೀಕ್ಷೆ ಅಷ್ಟೇ. ಮೊದಲ ಪದ 'ರಿಲಕ್ಟಂಟ್', ಒಲ್ಲದ ಮನಸ್ಸಿನ ಮನುಷ್ಯನಿಗೆ ಹೇಳುವ ಮಾತು. ಮೇಲಿದ್ದ ಪತ್ರಿಕೆಯಲ್ಲಿ ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಹೀಗಿತ್ತು: ಟೀಚರ್ ಬೋರ್ಡಿನ ಮೇಲೆ 'ರಿಲಕ್ಟಂಟ್' ಎಂದು ಬರೆದರು. ಎರಡನೆಯ ಪದ 'ಫ್ರೆಜೈಲ್', ಸುಲಭವಾಗಿ ಒಡೆಯುವ ವಸ್ತುವಿಗೆ ಹೇಳುವುದು. ಟೀಚರ್ ಬೋರ್ಡಿನ ಮೇಲೆ 'ಫ್ರೆಜೈಲ್' ಎಂದು ಬರೆದರು. ಹೀಗೇ ಇಪ್ಪತ್ತೂ. ಕೆಳಗಿನ ಪತ್ರಿಕೆ ತೆಗೆದರೆ ಅದರಲ್ಲೂ ಅದೇ, ಅದರ ಕೆಳಗಿನದರಲ್ಲೂ ಅದೇ.

ಇದು ಚೂಟಿಯ ಕೆಲಸವೆಂದು ಹೇಳಲು ಶಾಸ್ತ್ರ ಕೇಳಬೇಕಿರಲಿಲ್ಲ. ಕೊನೆಯ ಬೆಂಚಿನ ಆ ಹುಡುಗಿಗೆ ಇಂಗ್ಲಿಷ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಹೊಳೆಯುತ್ತಿತ್ತು.

ಹೆಡ್ ಮೇಡಂ ಪತ್ರಿಕೆಗಳನ್ನು ತಿರುವಿಹಾಕಿ ಹಿಗ್ಗಿದರು. "ಸ್ಪೆಲಿಂಗ್ ಸರಿಯಿದೆ, ವಾಕ್ಯ ಸರಿಯಿದೆ. ಇನ್ನೇನು ಬೇಕು ನಿಮಗೆ? ಮೂರು ಗಂಟೆಯೊಳಗೆ ಪಟ್ಟಿ ಕೊಡಿ. ಸೋಮವಾರದಿಂದ ಎಲ್ಲರೂ ಆ ಕಡೆಗೆ."

ಆ ಕಡೆ ಎಂದರೆ ಮುಂದಿನ ಕಟ್ಟಡ. ಅಲ್ಲಿ ವಿಜ್ಞಾನ, ಇತಿಹಾಸ ಎಲ್ಲವೂ ಇಂಗ್ಲಿಷಿನಲ್ಲೇ. ಹದಿನೈದು ಅಂಕ ಬಂದವರು ಅಲ್ಲಿಗೆ ಹೋಗಬೇಕು, ಬಾರದವರು ಉಗ್ರಾಣದ ಪಕ್ಕದ ಈ ಕೋಣೆಯಲ್ಲೇ ಇಂಗ್ಲಿಷ್ ಕಲಿಯುತ್ತ ಕೂರಬೇಕು. ಹೋದ ವರ್ಷ ಅರ್ಧಂಬರ್ಧ ಕಲಿತ ಒಂಬತ್ತು ಮಕ್ಕಳನ್ನು ಟೀಚರ್ ದಾಟಿಸಿದ್ದಳು. ಅವರಲ್ಲಿ ಆರು ಮಂದಿ ಶಾಲೆಯನ್ನೇ ಬಿಟ್ಟರು. ಆ ಆರು ಮುಖಗಳು ಅವಳನ್ನು ಇನ್ನೂ ಬಿಟ್ಟಿರಲಿಲ್ಲ.

ಊಟದ ಬಿಡುವಿನಲ್ಲಿ ಚೂಟಿಯನ್ನು ಕರೆಸಿದಳು.

"ಈ ವಾಕ್ಯ ನಿಂದೇ ತಾನೆ?"

"ಹೌದು ಟೀಚರ್," ಎಂದಳು ಚೂಟಿ. ಬಹುಮಾನ ಕೊಡಲು ಕರೆದಿದ್ದಾರೆ ಎನ್ನುವಂತಿತ್ತು ಮುಖ.

"'ಫ್ರೆಜೈಲ್' ಅಂದ್ರೆ ಏನು?"

ಚೂಟಿ ಕಿಟಕಿಯತ್ತ ನೋಡಿದಳು.

"ಇಪ್ಪತ್ತರಲ್ಲಿ ಒಂದಾದ್ರೂ ಗೊತ್ತಾ?"

"ಗೊತ್ತಿದ್ರೆ ಈ ವಾಕ್ಯ ಯಾಕೆ ಹುಡುಕ್ತಿದ್ದೆ, ಟೀಚರ್?"

ಟೀಚರಿಗೆ ಪಿತ್ತ ನೆತ್ತಿಗೇರಿತು. "ಆರು ತಿಂಗಳು ಗಂಟಲು ಹರ್ಕೊಂಡೆನಲ್ಲೇ! ಅಲ್ಲಿ ಹೋಗಿ ಬಾಯಿ ಬಾಯಿ ಬಿಡ್ತೀರ. ಅಷ್ಟು ಅವಸರ ಏನು ನಿಂಗೆ?"

"ನಮ್ಮನ್ನ ಮೂಗರ ಕ್ಲಾಸು ಅಂತಾರೆ." ಚೂಟಿ ಲಂಗದ ಅಂಚು ಹಿಂಡಿದಳು. "ನನ್ನ ತಂಗಿ ಆ ಕಡೆ ಇದಾಳೆ, ಆರನೇ ಕ್ಲಾಸು. ಅವಳಿಗೆ ಇಂಗ್ಲಿಷ್ ಬೇಗ ಬಂತು. ಮೆಟ್ಟಿಲ ಹತ್ರ ಸಿಕ್ಕಿದ್ರೆ ಗುರುತೇ ಇಲ್ಲದ ಹಾಗೆ ಹೋಗ್ತಾಳೆ. ಸ್ಕೂಲಲ್ಲಿ ಅಕ್ಕ ಅನ್ನಲ್ಲ."

"ಅದಕ್ಕೆ ಮೋಸ ಮಾಡ್ತೀಯಾ?"

"ಮೋಸ ಎಲ್ಲಿ ಬಂತು? ನೀವು ಬೋರ್ಡ್ ಮೇಲೆ ಬರೆದಿಲ್ವಾ?"

ಟೀಚರ್ ಪರೀಕ್ಷೆಗೆಂದು ಒರೆಸಿದ್ದ ಬೋರ್ಡಿನತ್ತ ತಿರುಗಿದಳು. ಬರೆದಿದ್ದಳು. ಇಪ್ಪತ್ತು ಪದ, ಎದುರಿಗೆ ಅರ್ಥ, ಕೆಳಗೆ ಗೆರೆ. ಮೂರು ಮೂರು ಸಲ ನಕಲು ಮಾಡಿ ಎಂದಿದ್ದಳು. ಮುಂದಿನ ವಾರ ಅದನ್ನು ಒರೆಸಿ ಇನ್ನಿಪ್ಪತ್ತು. ಬೇರೇನು ಮಾಡಿದ್ದೆ ಎಂದು ನೆನಪಿಸಿಕೊಳ್ಳಲು ಹೋದಳು. ಗಂಟಲು ಹರಿದುಕೊಂಡದ್ದು ಬಿಟ್ಟರೆ ಏನೂ ಸಿಗಲಿಲ್ಲ. ಅವಳಿಗೆ ನಾಚಿಕೆಯಾಯಿತು, ನಾಚಿಕೆಯ ಮೇಲೆ ಇನ್ನಷ್ಟು ಸಿಟ್ಟು ಬಂತು.

ಮೂರು ಗಂಟೆಗೆ ಪಟ್ಟಿ ಒಪ್ಪಿಸಿದಳು. ಮೂವತ್ತೊಂದು ಹೆಸರು, ಮೂವತ್ತೊಂದು ಸೊನ್ನೆ. ಪಕ್ಕದಲ್ಲಿ 'ತೇರ್ಗಡೆಯಾಗದಿರಲು ಕಾರಣ' ಎಂಬ ಕಾಲಂ ಇತ್ತು. ಆರು ವರ್ಷದಿಂದ ಅಲ್ಲಿ 'ಗಮನ ಕೊಡುವುದಿಲ್ಲ', 'ಮನೆಯಲ್ಲಿ ಓದಿಸುವವರಿಲ್ಲ' ಎಂದು ಕಣ್ಣುಮುಚ್ಚಿ ತುಂಬಿಸಿದ್ದಳು. ಈ ಸಲ ಮೂವತ್ತೊಂದು ಸಾಲಿನಲ್ಲೂ ಒಂದೇ ಮಾತಿತ್ತು: ಟೀಚರ್ ಬೋರ್ಡಿನ ಮೇಲೆ ಬರೆದರು.

"ತಲೆಗಿಲೆ ಕೆಟ್ಟಿದೆಯಾ ನಿಮಗೆ?" ಹೆಡ್ ಮೇಡಂ ಕನ್ನಡಕ ತೆಗೆದರು. "ಇದನ್ನ ಮೇಲಿನವರು ಓದಿದ್ರೆ ತಪ್ಪೆಲ್ಲ ನಿಮ್ಮ ತಲೆಗೇ ಬರುತ್ತೆ."

"ಬರಲಿ ಮೇಡಂ. ವಾಕ್ಯ ಸರಿಯಾಗೇ ಇದೆಯಲ್ಲ."

ತರಗತಿಗೆ ಮರಳಿದಾಗ ಚೂಟಿ ಒಬ್ಬಳೇ ನಿಂತಿದ್ದಳು. ಡೆಸ್ಕಿನೊಳಗಿನ ಪುಸ್ತಕಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡಿದ್ದಳು. ಚೀಲದ ಬಾಯಿ ಮುಚ್ಚುತ್ತಿರಲಿಲ್ಲ.

"ಪಾಸಾ, ಟೀಚರ್?"

"ಇಲ್ಲ. ಯಾರೂ ಇಲ್ಲ." ಸೋಮವಾರದಿಂದ ಬೇರೆ ಥರ ಕಲಿಸುತ್ತೇನೆ, ಬೋರ್ಡು ಮುಟ್ಟುವುದಿಲ್ಲ ಎಂದೆಲ್ಲ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಆ ಮುಖ ನೋಡಿ ಮೇಜಿನ ಮೇಲಿನ ಪತ್ರಿಕೆಗಳನ್ನು ಕಟ್ಟತೊಡಗಿದಳು.

ಚೂಟಿ ಅಳಲಿಲ್ಲ. ಕೊನೆಯ ಬೆಂಚಿಗೆ ಹೋಗಿ ಪುಸ್ತಕಗಳನ್ನು ಒಂದೊಂದಾಗಿ ಡೆಸ್ಕಿನೊಳಗೆ ವಾಪಸ್ ಇಟ್ಟಳು.

"ಸೋಮವಾರ ಬರ್ತೀನಿ ಅಂತ ತಂಗಿಗೆ ಹೇಳ್ಬಿಟ್ಟಿದ್ದೆ," ಎಂದಳು. "ಪಕ್ಕದಲ್ಲಿ ಜಾಗ ಇಡ್ತೀನಿ, ಊಟಕ್ಕೆ ಜೊತೇಲಿ ಕೂರೋಣ ಅಂದಿದ್ಲು."