ಮುಂದ ಮುಟ್ಟಿಸ್ರಿ

ಡ್ರೈವರುಗಳೆಂದರೆ ವಡ್ಡು ಗ್ರಾಮದ ಜಡೆಪ್ಪನಿಗೆ ಮೈಯೆಲ್ಲಾ ಉರಿ. "ಅವರ ಕೈಯಾಗ ಏನ್ ಕೊಟ್ರೂ ನೆಟ್ಟಗ ಮುಟ್ಟಂಗಿಲ್ಲ, ಇನ್ನ ಮಗಳ್ನ ಕೊಡ್ಲೇನು?" ಎಂದು ಚಿತ್ತವಾಡ್ಗಿಯ ಹುಲಿಗೇಶನ ಸಂಬಂಧವನ್ನು ಎರಡು ಸಲ ತಳ್ಳಿಹಾಕಿದ್ದ, ಅದೂ ಹುಡುಗನ ಮುಖ ಕೂಡ ನೋಡದೆ. ಹುಲಿಗೇಶ ಹಂಪಿಗೆ ಟ್ರ್ಯಾಕ್ಸ್ ಓಡಿಸುವವ. ಅಲ್ಲಿ ಚಿಕ್ಕಮ್ಮನ ಮನೆಗೆ ಬಂದಿದ್ದ ಜಡೆಪ್ಪನ ಮಗಳು ಪಂಪಾವತಿಯನ್ನು ಕಂಡಾಗಿನಿಂದ ಅವನಿಗೆ ಬೇರೆ ಹೆಣ್ಣು ಕಣ್ಣಿಗೇ ಬೀಳುತ್ತಿರಲಿಲ್ಲ. ಕೊನೆಗೆ ಹುಡುಗಿಯ ಸೋದರಮಾವ ಅಂಜಿನಯ್ಯ ಕೈಕಾಲು ಹಿಡಿದು ಒಪ್ಪಿಸಿದಾಗ ಜಡೆಪ್ಪ, "ಬಂದು ಹೋಗ್ಲಿ. ಒಂದು ತಪ್ಪು ಕಂಡ್ತಂದ್ರ ಈ ಮಾತು ಮತ್ತ ಎತ್ತಬ್ಯಾಡ" ಎಂದಿದ್ದ.

ಹೆಣ್ಣು ನೋಡಲು ಹೊರಟ ದಿನವೇ ರಸ್ತೆ ಕೆಲಸ ಅಡ್ಡ ಬರಬೇಕೆ! ಅದಿರಿನ ಲಾರಿಗಳು ಹಗಲೂ ರಾತ್ರಿ ಓಡಿ ಬಳ್ಳಾರಿ ರಸ್ತೆಯಲ್ಲಿ ಗುಂಡಿಗಳ ನಡುವೆ ರಸ್ತೆ ಹುಡುಕುವಂತಾಗಿತ್ತು. ಅಂತೂ ಇಂತೂ ಡಾಂಬರು ಹಾಕತೊಡಗಿದ್ದರು. ಅರ್ಧ ರಸ್ತೆಗೆ ಡಾಂಬರು, ಉಳಿದರ್ಧದಲ್ಲಿ ಒಮ್ಮೆ ಆ ಕಡೆಯವರು, ಒಮ್ಮೆ ಈ ಕಡೆಯವರು. ಹಂಪಿ ದಾರಿ ಬಿಟ್ಟರೆ ಬೇರೆ ಗೊತ್ತಿಲ್ಲದ ಹುಲಿಗೇಶನಿಗೆ ಈ ಪದ್ಧತಿಯೆಲ್ಲ ಹೊಸದು. ಪಾಪಿನಾಯಕನಹಳ್ಳಿ ದಾಟಿ ಲಾರಿಗಳ ಸಾಲಿನ ಬಾಲಕ್ಕೆ ಗಾಡಿ ನಿಲ್ಲಿಸಿ, ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತಾ ಕೂತ.

ಸಾಲು ಹೊರಟಿತು. ಬಾವುಟ ಹಿಡಿದವನೊಬ್ಬ ಓಡಿ ಬಂದು, ಕೆಂಪು ಬಟ್ಟೆ ಕಟ್ಟಿದ ಬೇವಿನ ಟೊಂಗೆಯೊಂದನ್ನು ಕಿಟಕಿಯೊಳಗೆ ತೂರಿಸಿ, ಪಕ್ಕದಲ್ಲಿದ್ದ ತಾಯಿ ಯಲ್ಲಕ್ಕನ ಕೈಗೆ ಕೊಟ್ಟ. "ಮುಂದ ಮುಟ್ಟಿಸ್ರಿ ಅಮ್ಮಾ, ಮರೀಬ್ಯಾಡ್ರಿ!" ಉಳಿದ ಮಾತನ್ನು ರೋಲರಿನ ಸದ್ದು ನುಂಗಿತು.

ಯಲ್ಲಕ್ಕನ ಕಣ್ಣು ತುಂಬಿ ಬಂತು. "ಹೆಣ್ಣು ನೋಡಾಕ ಹೊಂಟಾಗ ದೇವಿ ತಾಯಿನ ಎದುರಿಗೆ ಬಂದ್ಲು ನೋಡಲೇ!" ಎಂದು ಟೊಂಗೆಯನ್ನು ಕಣ್ಣಿಗೆ ಒತ್ತಿಕೊಂಡು, ಮಗನ ಹಣೆಗೆ ಮುಟ್ಟಿಸಿ, ಸ್ಟೇರಿಂಗಿಗೆ ಮುಟ್ಟಿಸಿ, ಬಗ್ಗಿ ಮುಂದಿನ ಗಾಜಿಗೂ ಮುಟ್ಟಿಸಿದಳು. ಮುಂದೆ ಮುಟ್ಟಿಸಿದ್ದಾಯಿತಲ್ಲ! ಆಮೇಲೆ ಭಕ್ತಿಯಿಂದ ಹಣ್ಣುಕಾಯಿಯ ಬುಟ್ಟಿಯಲ್ಲಿ ಇಟ್ಟಳು.

ಡಾಂಬರಿನ ಕೆಲಸ ಮುಗಿಯುವ ಆ ತುದಿಯಲ್ಲಿ ಇನ್ನೊಬ್ಬ ನಿಂತಿದ್ದ. ಮುಖಕ್ಕೆ ಟವೆಲ್ಲು ಸುತ್ತಿಕೊಂಡು, ಅಡಿಯಿಂದ ಮುಡಿಯವರೆಗೆ ಕೆಂಧೂಳು. ಕಿಟಕಿಗೆ ಕೈ ಚಾಚಿದ.

"ಪಾಪ, ಬಿಸಲಾಗ ಹಸ್ಕೊಂಡು ನಿಂತಾನ" ಎಂದು ಯಲ್ಲಕ್ಕ ಒಂದು ಸುಗಂಧಿ ಬಾಳೆಹಣ್ಣನ್ನು ಆ ಕೈಯಲ್ಲಿಟ್ಟಳು. ಅವನು ಹಣ್ಣು ನೋಡಿದ, ಗಾಡಿ ನೋಡಿದ, "ಏಯ್! ಏಯ್!" ಎಂದು ಹಿಂದೆ ಓಡಿ ಬಂದ.

"ಇನ್ನೊಂದು ಕೇಳ್ತಾನೇನೋ ಬೇ."

"ಎಲ್ಲಾ ಇಲ್ಲೇ ಕೊಟ್ರ ಬೀಗರ ಮುಂದ ಏನ್ ಇಡ್ಲಿ? ಜಲ್ದಿ ನಡಿ!"

ವಡ್ಡಿನಲ್ಲಿ ಎಲ್ಲರೂ ಇದ್ದರು, ಜಡೆಪ್ಪ ಮಾತ್ರ ಇರಲಿಲ್ಲ. ಕೆಲಸದಿಂದ ಇನ್ನೇನು ಬಂದಾನು ಎಂದು ಉಪ್ಪಿಟ್ಟು ಕೊಟ್ಟರು. ಅಷ್ಟರಲ್ಲಿ ಅವನನ್ನು ಕರೆತರಲು ಹೋಗಿದ್ದ ಅಂಜಿನಯ್ಯ ಬೈಕಿನಲ್ಲಿ ಒಬ್ಬನೇ ಬೆವರು ಸುರಿಸುತ್ತಾ ಬಂದ.

"ಭಾವ ಬರಂಗಿಲ್ರಿ! ರಸ್ತೆ ಕೆಲಸದಾಗ ಈ ತುದಿಗೆ ಬಾವುಟ ಹಿಡಿಯಾವ ಅವನ. ಕಡೀ ಗಾಡ್ಯಾವ ಬೇವಿನ ಟೊಂಗಿ ತಂದು ಭಾವನ ಕೈಯಾಗ ಕೊಡಬೇಕು, ಆಮ್ಯಾಲೆ ಈ ಕಡೆಯವ್ರನ್ನ ಬಿಡೋದು. ಯಾವನೋ ಪುಣ್ಯಾತ್ಮ ಅದನ್ನ ಹೊತ್ಕೊಂಡು ಹೋಗ್ಯಾನ! ಮೊನ್ನೆ ಟೊಂಗಿ ಬರೋಕಿಂತ ಮುಂಚೆ ಬಿಟ್ಟಿದ್ದಕ್ಕ ಎರಡು ಲಾರಿ ಮೂತಿಗೆ ಮೂತಿ ಹಚ್ಚಿ ನಿಂತಿದ್ವಂತ. ಟೊಂಗಿ ಬರೋತನಕ ಬಿಡಂಗಿಲ್ಲ ಅಂತ ಹಟ ಹಿಡ್ದಾನ. ಎರಡೂ ಕಡೆ ಗಾಡಿ ತುಂಬಿ ಜಾಮ್ ಆಗೇತಿ."

ಹುಲಿಗೇಶ ಬಾಯಿಗೆ ಒಯ್ದ ಉಪ್ಪಿಟ್ಟನ್ನು ತಟ್ಟೆಗೇ ಇಳಿಸಿ ತಾಯಿಯ ಕಡೆ ನೋಡಿದ. ಯಲ್ಲಕ್ಕ ಆಗಲೇ ಬುಟ್ಟಿಯಿಂದ ತೆಂಗಿನಕಾಯಿ, ಎಲೆಅಡಿಕೆ, ಬಾಳೆಹಣ್ಣು ಎಲ್ಲಾ ತೆಗೆದಿಟ್ಟು, ಮೇಲೆ ಟೊಂಗೆಯನ್ನೂ ಇಟ್ಟಿದ್ದಳು.

ಚಹಾ ತಂದ ಪಂಪಾವತಿ ತಟ್ಟೆ ಹಿಡಿದು ನಿಂತೇಬಿಟ್ಟಳು. "ಇದು ನನ್ನ ಕುಬಸದ ತುಂಡು! ಮುಂಜಾನೆ ಅಪ್ಪಗ ನಾನ ಕಟ್ಟಿ ಕೊಟ್ಟೀನಿ."

"ಅಂದ್ರ... ನಾ ಬಾಳೆಹಣ್ಣು ಕೊಟ್ಟಿದ್ದು?" ಎಂದಳು ಯಲ್ಲಕ್ಕ.

"ನಮ್ಮಪ್ಪಗ!" ಪಂಪಾವತಿ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಉಳಿದವರಿಗೆ ನಗುವೇ ಬರಲಿಲ್ಲ.

ಅಂಜಿನಯ್ಯ ಹುಲಿಗೇಶನ ಕಿವಿಯಲ್ಲಿ, "ಇದನ್ನ ಇಲ್ಲಿ ಕೊಡು. ನಾ ತಗೊಂಡು ಹೋಗಿ, ದಾರ್ಯಾಗ ಸಿಕ್ತು ಅಂತೀನಿ. ನಿನ್ನ ಹೆಸರು ಬಂತಂದ್ರ ಸಂಬಂಧ ಮುರೀತು, ತಿಳ್ಕೋ" ಎಂದ.

ಹುಲಿಗೇಶ ಪಂಪಾವತಿಯನ್ನು ನೋಡಿದ. ಅವಳಿಲ್ಲದೆ ಮನೆಗೆ ಹೋಗುವುದು ಅವನಿಗೆ ಬೇಡವೇ ಬೇಡ. ಆದರೆ ಅವಳ ಅಪ್ಪನಿಗೆ ಸುಳ್ಳು ಮುಟ್ಟಿಸಿ ಅವಳನ್ನು ಪಡೆಯುವುದೂ ಬೇಡವೆನಿಸಿತು. "ಮಾವಾರ, ನನ್ನ ಗಾಡ್ಯಾಗ ಬಂದದ್ದು. ನಾನ ಮುಟ್ಟಿಸ್ತೀನಿ."

"ರಸ್ತೆ ತುಂಬಾ ಲಾರಿ ನಿಂತಾವ, ಹ್ಯಾಂಗ ಹೋಕ್ಕಿ?"

"ಹೊಲದ ದಾರಿ ನಂಗ ಗೊತ್ತು" ಎಂದು ಪಂಪಾವತಿ ಚಹಾ ತಟ್ಟೆ ಕೆಳಗಿಟ್ಟು ಯಲ್ಲಕ್ಕನ ಕೈ ಹಿಡಿದಳು. "ಬರ್ರಿ ಅತ್ತಿ, ನೀವೂ ಬರ್ರಿ." ಅತ್ತಿ! ಖುಷಿಯಲ್ಲಿ ಹುಲಿಗೇಶನಿಗೆ ಗಾಡಿಯ ಕೀಲಿ ಹಾಕುವ ತೂತೇ ಸಿಗಲಿಲ್ಲ.

ಜಡೆಪ್ಪ ಲಾರಿ ಡ್ರೈವರುಗಳ ಬೈಗುಳದ ನಡುವೆ ಕೆಂಪು ಬಾವುಟ ಒಂದು ಕೈಯಲ್ಲಿ, ಬಾಳೆಹಣ್ಣು ಇನ್ನೊಂದು ಕೈಯಲ್ಲಿ ಹಿಡಿದು ನಿಂತಿದ್ದ. ಹುಲಿಗೇಶ ಟೊಂಗೆ ಚಾಚಿ, "ತಪ್ಪು ನಮ್ದ ರೀ. ನಾನ ಆ ಕಡೀ ಗಾಡ್ಯಾವ. ಚಿತ್ತವಾಡ್ಗಿ ಹುಲಿಗೇಶ" ಎಂದ.

ಜಡೆಪ್ಪ ಟೊಂಗೆ ನೋಡಿದ, ಮಗಳನ್ನು ನೋಡಿದ, ಯಲ್ಲಕ್ಕನನ್ನು ನೋಡಿದ. ಟೊಂಗೆ ಇಸಿದುಕೊಂಡು, ಕೆಂಪು ಬಾವುಟ ಇಳಿಸಿ ಹಸಿರು ಬಾವುಟ ಎತ್ತಿದ. ಲಾರಿಗಳು ಹಾರ್ನು ಬಾರಿಸುತ್ತಾ ಒಂದರ ಹಿಂದೊಂದು ಹೊರಟವು. ಹುಲಿಗೇಶ ತಲೆ ತಗ್ಗಿಸಿ ನಿಂತೇ ಇದ್ದ.

ಕೊನೆಗೆ ಜಡೆಪ್ಪ ಮುಖದ ಟವೆಲ್ಲು ಬಿಚ್ಚಿದ. ಮೀಸೆಯಡಿ ನಗು ತಡೆಯಲಾಗುತ್ತಿರಲಿಲ್ಲ.

"ಬೀಗ್ತೇರ ಹಣ್ಣು ಮೊದಲ ಕೈ ಸೇರೇತಿ, ಇನ್ನ ಏನ್ ಮಾಡ್ಲಿ!" ಎಂದು ಹಣ್ಣು ಸುಲಿದು ಅರ್ಧ ಮುರಿದು ಹುಲಿಗೇಶನಿಗೆ ಕೊಟ್ಟ. "ಆದ್ರ ಒಂದ್ ಮಾತು ಕೇಳಲೇ. ಟೊಂಗಿ ವಾಪಸ್ ತಂದು ಮುಟ್ಟಿಸಿದಿ, ಭಾಳ ಚೊಲೋ ಆತು. ಮಗಳ್ನ ಕೊಟ್ಟ ಮ್ಯಾಲೆ ಮಾತ್ರ ಹಿಂಗ ವಾಪಸ್ ತಂದು ಮುಟ್ಟಿಸಬ್ಯಾಡ."