ಸೂತಕದ ಗೆರೆಗಳು

ಬಸ್ರೂರಿನ ಜಲಜಳ ಮಗಳು ಕ್ಷಮಾ ಚಿತ್ರಕಲೆ ಓದುವುದಕ್ಕೆ ಗ್ಲಾಸ್ಗೋಗೆ ಹೋದಾಗ ಊರವರು ಕೇಳಿದ್ದು ಒಂದೇ ಪ್ರಶ್ನೆ. ಚಿತ್ರ ಬರೆಯುವುದಕ್ಕೆ ಅಷ್ಟು ದೂರ ಹೋಗಬೇಕೇ, ಇಲ್ಲಿ ಗೋಡೆಗೆ ಬರಗಾಲವೇ? ಜಲಜಳಿಗೂ ಉತ್ತರ ಗೊತ್ತಿರಲಿಲ್ಲ. ಸ್ಕಾಲರ್‌ಶಿಪ್ ಸಿಕ್ಕಿದೆ ಎಂದು ಹೇಳಿ ಅವರ ಬಾಯಿ ಮುಚ್ಚಿಸುತ್ತಿದ್ದಳು.

ಓದಿನ ವರ್ಷದ ಕೊನೆಗೆ ಅಲ್ಲಿ ಒಂದು ಪ್ರದರ್ಶನ, ಅದೇ ಪರೀಕ್ಷೆ. ಅದಕ್ಕೆ ಈ ಹುಡುಗಿ ಆರಿಸಿಕೊಂಡದ್ದು ಏನು ಅಂತೀರಿ? ತನ್ನದೇ ಮನೆಯ ಹೊಸ್ತಿಲು! ಆಗಸ್ಟ್ ನಡುವಿನಿಂದ ತೊಡಗುವ ಸೋಣೆ ತಿಂಗಳಲ್ಲಿ ಈ ಕಡೆಯ ಹೆಂಗಸರು ದಿನಾ ಬೆಳಿಗ್ಗೆ ಹೊಸ್ತಿಲು ತೊಳೆದು, ಶೇಡಿ ಮಣ್ಣನ್ನು ನೀರಿನಲ್ಲಿ ಕದಡಿ, ಬೆರಳಿನಿಂದ ಬಿಳಿ ಗೆರೆ ಎಳೆದು, ಹೂವಿಟ್ಟು ಕೈಮುಗಿಯುತ್ತಾರೆ. ಆ ಮನೆಯಲ್ಲಿ ಗೆರೆ ಎಳೆಯುವ ಹಕ್ಕು ಜಲಜಳ ಅತ್ತೆ ಅಪ್ಪಿ ಅಜ್ಜಿಯದು. ಜಲಜ ಮದುವೆಯಾಗಿ ಬಂದು ಇಪ್ಪತ್ತೈದು ವರ್ಷವಾದರೂ ಅಜ್ಜಿ ಶೇಡಿಯ ಗಿಂಡಿ ಅವಳ ಕೈಗೆ ಕೊಟ್ಟವಳಲ್ಲ. ಜಲಜ ಎಳೆದರೆ ಗೆರೆ ದನ ಕಟ್ಟುವ ಹಗ್ಗದ ಹಾಗಾಗುತ್ತದೆ ಎಂದು ಎಲ್ಲರೆದುರು ಹೇಳಿ ನಗುತ್ತಿದ್ದಳು.

ಏರ್ಪಾಡು ಹೀಗಿತ್ತು. ಅಜ್ಜಿ ಬರೆಯುವುದು, ಜಲಜ ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸುವುದು, ಕ್ಷಮಾ ಅದನ್ನು ನೋಡಿ ಅಲ್ಲಿನ ಗೋಡೆಯ ಮೇಲೆ ಆ ದಿನದ ಹೊಸ್ತಿಲನ್ನು ಬರೆಯುವುದು. ಮೂವತ್ತು ದಿನಕ್ಕೆ ಮೂವತ್ತು ಹೊಸ್ತಿಲು. ಮೂವತ್ತನೆಯ ದಿನ ಪರೀಕ್ಷಕರು ಬಂದು ನೋಡುತ್ತಾರೆ. ಅಜ್ಜಿಗೆ ಇದೆಲ್ಲ ತಮಾಷೆ.

"ಅಲ್ಲಿಯವ್ರ ಮನಿಗೆಲ್ಲ ಹೊಸ್ಲೇ ಇಲ್ಯಾ?" ಎಂದು ಕೇಳಿದಳು. ಕೇಳಿದರೂ ಮೊಮ್ಮಗಳಿಗೆಂದು ವಯಸ್ಸಿಗೆ ಅಲುಗುವ ಬೆರಳಿನಿಂದಲೇ ದಿನಕ್ಕೊಂದು ಹೊಸ ಬಗೆ ಎಳೆದಳು.

ಇಪ್ಪತ್ತನೆಯ ದಿನ ಮಧ್ಯಾಹ್ನ ಗಂಜಿ ಉಂಡು ಜಗಲಿಯಲ್ಲಿ ಅಡ್ಡಾದ ಅಜ್ಜಿ ಮತ್ತೆ ಏಳಲಿಲ್ಲ. ಸಂಜೆಯೊಳಗೆ ಎಲ್ಲ ಮುಗಿಯಿತು. ಊರವರು, ನೆಂಟರು ಬಂದರು. ಹಂಗಾರಕಟ್ಟೆಯಿಂದ ಅಜ್ಜಿಯ ಮಗಳು ಬೇಬಿ ಬಂದು ಅಂಗಳದಲ್ಲೇ ಬಿದ್ದು ಅತ್ತಳು. ಜಲಜಳನ್ನು ನೆರೆಮನೆಯ ಹೆಂಗಸರು ಹಿಡಿದು ಕೂರಿಸಿಕೊಂಡರು. ಜೀವಮಾನವೆಲ್ಲ ಕೊಂಕು ಮಾತು ಕೇಳಿದ್ದರೂ ಅವಳಿಗೆ ಹೊಟ್ಟೆಯೊಳಗಿಂದ ಅಳು ಬಂತು.

ಎಲ್ಲ ಮುಗಿಸಿ ಬಂದ ಗಂಡ ಸುಂದರ ಹೆಂಡತಿಯನ್ನು ಒಳಗೆ ಕರೆದ.

"ಹೆಣ್ಣಿಗೆ ಈಗ ಹೇಳೂದ್ ಬೇಡ. ಹೇಳಿರೆ ಎಲ್ಲ ಬಿಟ್ಕಂಡ್ ಓಡಿ ಬತ್ತ್. ಪರೀಕ್ಷಿ ತಪ್ಪಿರೆ ಇನ್ನೊಂದ್ ವರ್ಷಕ್ಕೆ ದುಡ್ಡ್ ಯಾರ್ ಕೊಡ್ತ್ರ್? ಮುಗಿಲಿ, ಕಡಿಗ್ ಹೇಳ್ವ."

"ನಾಳಿಗ್ ಫೋಟೋ ಹೋಗ್ದಿದ್ರೆ ಗೊತ್ತಾತ್ತಲ್ದಾ?" ಎಂದಳು ಜಲಜ.

ಸಾವಾದ ಮನೆಯ ಹೊಸ್ತಿಲು ಬೋಳಾಗಿರಬೇಕು, ಹನ್ನೊಂದನೆಯ ದಿನದ ಉತ್ತರಕ್ರಿಯೆ, ಬೊಜ್ಜ, ಮುಗಿಯುವವರೆಗೆ ಶೇಡಿ ಮುಟ್ಟುವಂತಿಲ್ಲ. ಬೋಳು ಹೊಸ್ತಿಲಿನ ಅರ್ಥ ಕ್ಷಮಾಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮರುದಿನ ಬೆಳಿಗ್ಗೆ ಜಲಜ ಶೇಡಿ ಕದಡಿದ್ದನ್ನು ನೋಡಿ ಬೇಬಿ ಹೌಹಾರಿದಳು.

"ಅತ್ಗೆ, ಸೂತಕದೊಳ್ಗೆ ಹೊಸ್ಲಿಗೆ ಶೇಡಿ ಬರೂದಾ? ನಿಮ್ಗೆ ತಲಿ ಸಮ ಇತ್ತಾ?"

"ಪೂಜಿ ಅಲ್ದೆ ಬೇಬಿ. ದೀಪ ಇಲ್ಲೆ, ಹೂಗ್ ಇಲ್ಲೆ. ಬರೀ ಗೆರಿ. ಫೋಟೋ ತೆಗ್ದ್ ಒರ್ಸಿ ಬಿಡ್ತೆ."

ದೇವರ ಜತೆ ಅವಳು ಮಾಡಿಕೊಂಡ ಒಪ್ಪಂದ ಅಷ್ಟೇ. ಗೆರೆ ಎಳೆಯುವಾಗ ಕೈ ನಡುಗಿತು, ಆ ನಡುಕದಿಂದಲೇ ಗೆರೆ ಥೇಟು ಮುದುಕಿಯ ಗೆರೆಯಾಯಿತು. ಫೋಟೋ ಹೋಯಿತು. ಒದ್ದೆ ಬಟ್ಟೆಯಿಂದ ಹೊಸ್ತಿಲು ಒರೆಸುವಾಗ ಅತ್ತೆಯನ್ನೇ ಒರೆಸಿ ಹಾಕಿದ ಹಾಗೆ ಅನಿಸಿ ಜಲಜ ಅಲ್ಲೇ ಕುಕ್ಕರಿಸಿದಳು.

ಸಂಜೆ ಕ್ಷಮಾ ವಿಡಿಯೋ ಕಾಲ್ ಮಾಡಿದಳು. ಜಲಜ ಮುಖ ತೊಳೆದು ನಗುತ್ತಾ ಮಾತಾಡಿದಳು. ಅಜ್ಜಿ ಎಲ್ಲಿ ಎಂದರೆ ಮೀಯುವುದಕ್ಕೆ ಹೋಗಿದೆ ಎಂದಳು. ಮರುದಿನ ಕೇಳಿದಾಗ ಅಜ್ಜಿ ಮಲಗಿದೆ ಎಂದಳು. ಮೂರನೆಯ ದಿನದಿಂದ ಕ್ಷಮಾ ಕೇಳುವುದನ್ನೇ ಬಿಟ್ಟಳು. ಕೆಲಸದ ಗಡಿಬಿಡಿಯಲ್ಲಿ ಮರೆತಿರಬೇಕು, ಒಳ್ಳೆಯದೇ ಆಯಿತು ಎಂದುಕೊಂಡಳು ಜಲಜ. ದಿನ ಕಳೆದಂತೆ ಬೆರಳು ಪಳಗಿ ಗೆರೆ ನೇರವಾಗತೊಡಗಿತು, ಆಗ ಬೇಕೆಂದೇ ಅಲುಗಿಸಿ ಎಳೆದಳು. ಸುಳ್ಳಿಗೆ ಇಷ್ಟು ಬೇಗ ಕೈ ಕೂಡಿಬರುತ್ತದೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಬೊಜ್ಜದ ದಿನವೇ ಅಲ್ಲಿ ಪರೀಕ್ಷೆಯೂ ಬಂತು. ಇಲ್ಲಿ ಉಂಡ ನೆಂಟರು ಹೊರಡುತ್ತಿದ್ದರು, ಅಂಗಳದಲ್ಲಿ ಪಾತ್ರೆಗಳ ಸದ್ದು. ಸಂಜೆ ಫೋನ್ ಬಂದಾಗ ಜಲಜ ಬಾವಿಕಟ್ಟೆಯ ಹಿಂದೆ ಹೋಗಿ ನಿಂತಳು.

"ಅಮ್ಮ, ಪರೀಕ್ಷಿ ಮಾಡುವವ್ರ್ ಬಂದ್ ಹೋದ್ರ್. ಗೋಡಿ ಕಾಣ್."

ಮಗಳು ಫೋನನ್ನು ಮೆಲ್ಲ ಮೇಲಿನಿಂದ ಕೆಳಗೆ ತಂದಳು. ಸಾಲು ಸಾಲು ಹೊಸ್ತಿಲು, ಒಂದೊಂದರ ಎರಡು ತುದಿಗೂ ಹಳದಿ ಹೂವು. ಚಂದವೆಂದರೆ ಚಂದ. ಜಲಜ ಹಿಗ್ಗಿ ಹೋದಳು. ಕೆಳಗಿನ ಹತ್ತು ಸಾಲಿಗೆ ಬಂದಾಗ ಏನೋ ಕಡಿಮೆಯಾದ ಹಾಗೆ ಕಂಡಿತು.

"ಕೆಳ್ಗಿನದಕ್ಕೆ ಹೂಗ್ ಬರೂಕೆ ಮರ್ತಿಯಾ ಮಗಾ?"

"ನೀ ಇಡ್ಲಿಲ್ಲೆ ಅಮ್ಮ."

ಜಲಜ ಹತ್ತು ದಿನ ಗೆರೆಯ ನಡುಕವನ್ನೇ ನೋಡಿದ್ದಳು. ಸೂತಕದಲ್ಲಿ ಹೂವಿಗೆ ಕೈ ಹೋಗದ್ದು ಉಸಿರಾಡಿದಷ್ಟು ಸಹಜವಾದ್ದರಿಂದ, ಆ ಹೂವಿಲ್ಲದ ಹೊಸ್ತಿಲು ಫೋಟೋದಲ್ಲಿ ಕಾಣುತ್ತದೆ ಎಂದು ಅವಳ ತಲೆಗೇ ಬಂದಿರಲಿಲ್ಲ.

"ಅಜ್ಜಿ ಹೂಗ್ ಇಡ್ದೆ ಒಂದ್ ದಿನ ಇಪ್ದಾ?" ಎಂದಳು ಕ್ಷಮಾ. "ಮೊದ್ಲ್ ಫೋಟೋ ಕಂಡಾಗ್ಳೇ ಸಂಶಯ ಬಂತ್. ಅಜ್ಜಿ ಎರಡ್ ದಿನ ಫೋನಿಗ್ ಬರ್ಲಿಲ್ಲೆ, ಗೊತ್ತಾಯ್ತ್."

"ಮತ್ತೆಂತಕ್ಕೆ ಬಾಯಿ ಬಿಟ್ಟ್ ಕೇಣ್ಲಿಲ್ಲೆ?"

"ಕೇಂಡಿರೆ ನೀ ಗೆರಿ ಬರೂದ್ ನಿಲ್ಸ್ತಿದ್ದೆ. ನಂಗೂ ಗೋಡಿ ಮುಗಿಕ್ ಅಂತ ಇತ್ತ್ ಅಮ್ಮ. ಅಜ್ಜಿ ಹೋಯ್ತ್ ಅಂತ ಗೊತ್ತಿದ್ದೂ ಬರ್ಕಂಡೇ ಕೂಕಂಡೆ. ನಾ ಎಂತ ಹೆಣ್ಣ್ ಅಂದೇಳಿ."

ಜಲಜಳಿಗೆ ಬೇರೆ ಯಾವುದೂ ಕೇಳಬೇಕೆನಿಸಲಿಲ್ಲ. ಒಂದನ್ನೇ ಕೇಳಿದಳು.

"ಯಾರ್ ಹತ್ರ ಮರ್ಕಿದೆ ಮಗಾ? ಕಣ್ಣೀರ್ ಒರ್ಸೂಕೆ ಯಾರಿದ್ರ್?"

"ಯಾರ್ ಹತ್ರವೂ ಇಲ್ಲೆ. ಇಲ್ಲ್ ಅಜ್ಜಿ ಯಾರಿಗ್ ಗೊತ್ತಿತ್ತ್? ನಿನ್ ಹತ್ರ ಮರ್ಕುವ ಅಂದ್ರೆ ನೀ ದಿನಾ ನಗ್ತಾ ಇದ್ದೆ."

ಇಲ್ಲಿ ಅಳುವವರಿಗೆ ಎಷ್ಟೊಂದು ಹೆಗಲುಗಳಿದ್ದವು. ಅಲ್ಲಿ ಮಗು ಹತ್ತು ದಿನ ಒಬ್ಬಳೇ ಕಣ್ಣೀರು ನುಂಗಿಕೊಂಡು ಅಮ್ಮನ ನಗೆಗೆ ನಗೆ ಕೊಡುತ್ತಾ ಇತ್ತು. ಪರೀಕ್ಷೆ ಮಣ್ಣುಪಾಲಾಗಿದ್ದರೂ ಚಿಂತೆಯಿರಲಿಲ್ಲ, ಅಂದೇ ಹೇಳಿಬಿಡಬೇಕಿತ್ತು ಎಂದುಕೊಂಡಳು ಜಲಜ.

"ಅತ್ಗೆ, ನೆಂಟ್ರ್ ಹೊರ್ಟ್ರ್, ಬನ್ನಿ" ಎಂದು ಬೇಬಿ ಕೂಗಿದಳು. ಜಲಜ ತಿರುಗಲಿಲ್ಲ.

"ಈಗ ಮರ್ಕ್ ಮಗಾ," ಎಂದಳು. "ನಾ ಇಲ್ಲೇ ಇದ್ದೆ, ಎಲ್ಲಿಗೂ ಹೋತಿಲ್ಲೆ."

ಅತ್ತ ಕಡೆಯಿಂದ ಅಳು ಒಡೆದು ಬಂತು. ಇಲ್ಲೇ ಎಂದರೆ ಮಗಳಿಂದ ಎಷ್ಟು ದೂರ ಎಂಬುದು ಆಮೇಲೆ ಹೊಳೆದು, ಜಲಜ ಫೋನನ್ನು ಎದೆಗೆ ಒತ್ತಿಕೊಂಡಳು.